ಗಂಡ ಹೆಂಡಿರ ಜಗಳದಲ್ಲಿ ಕೂಸು ಹಠಮಾರಿಯಾಯ್ತು!

"ಎರಡೇಟು ಬಿದ್ರೆ ಎಲ್ಲಾ ಸರಿಹೋಗುತ್ತೆ" ಅಂತಾನೆ ಅಪ್ಪ. "ನೀವು ಸುಮ್ನಿರಿ, ಇನ್ನೂ ಮಗು, ದೊಡ್ಡೋನಾದ್ರೆ ತಾನೇ ಸರಿಹೋಗ್ತಾನೆ" ಅಂತಾಳೆ ಅಮ್ಮ. ಕೆಲವು ಮನೆಗಳಲ್ಲಿ ಪಾತ್ರಗಳು ಅದಲು ಬದಲು, ಹೊಡೆಯೋದು ಅಮ್ಮ, ಬಿಡಿಸಿಕೊಳ್ಳೋದು ಅಪ್ಪ. ಡೈಲಾಗ್ ಮಾತ್ರ ಅದೇ. ಮಗ ಕ್ಲಾಸಿನಲ್ಲಿ ಯಾರನ್ನೋ ಕಚ್ಚಿ ಬಂದಿರ್ತಾನೆ, ಡೈರಿಯಲ್ಲಿ ಕೆಂಪು ಇಂಕಿನ ಷರಾ ಇರುತ್ತೆ. ಮನೆಯಲ್ಲಿ ಹೊಡೀಬೇಕೋ ಬಿಡಬೇಕೋ ಅನ್ನೋದರ ಮೇಲೆ ಮಹಾಯುದ್ಧ.

ನನ್ನ ತಕರಾರು ಇಬ್ಬರ ಮೇಲೂ ಇದೆ. ಇವರು ಪರಸ್ಪರ ವಿರುದ್ಧ ಅಂತ ಅಂದುಕೊಂಡಿದ್ದಾರೆ, ಆದರೆ ಇಬ್ಬರೂ ಒಂದೇ ದೋಣಿಯಲ್ಲಿದ್ದಾರೆ. "ಇವನು ಯಾಕೆ ಹೀಗೆ ಮಾಡ್ತಿದ್ದಾನೆ?" ಅಂತ ಇಬ್ಬರೂ ಕೇಳಿರೋದಿಲ್ಲ!

ಹಾಗಾದರೆ ಜಗಳ ಯಾವುದರ ಬಗ್ಗೆ? ಸ್ವಲ್ಪ ಹೊತ್ತು ಕೇಳಿಸಿಕೊಳ್ಳಿ, ಗೊತ್ತಾಗುತ್ತೆ. "ನಿನ್ನ ಮುದ್ದಿನಿಂದಲೇ ಹಾಳಾಗಿದ್ದು." "ನಿಮ್ಮ ತಮ್ಮನೂ ಹೀಗೇ ತಾನೇ ಇದ್ದಿದ್ದು, ನಿಮ್ಮ ವಂಶದ ಗುಣ." "ನೀನು ಕೆಲಸಕ್ಕೆ ಹೋಗ್ತೀಯಲ್ಲ, ಅದಕ್ಕೇ." ನಡುವೆ ಅಜ್ಜಿಯದೊಂದು ಒಗ್ಗರಣೆ. ಇದು ಮಗುವಿನ ಬಗ್ಗೆ ನಡೆಯೋ ಚರ್ಚೆ ಅಲ್ಲ ಸ್ವಾಮಿ, ತಪ್ಪು ಯಾರದು ಅಂತ ನಡೆಯೋ ವಿಚಾರಣೆ. ಮಗು ಅಲ್ಲಿ ಬರೀ ಸಾಕ್ಷಿ. ಪಕ್ಕದ ರೂಮಿನಲ್ಲಿ ಕೂತು ಎಲ್ಲವನ್ನೂ ಕೇಳಿಸಿಕೊಳ್ಳುತ್ತಾ, "ನನ್ನಿಂದಲೇ ಇವರು ಜಗಳ ಆಡ್ತಿದ್ದಾರೆ" ಅಂತ ತೀರ್ಮಾನಿಸಿಬಿಡುತ್ತೆ. ಮಾರನೇ ದಿನ ರಂಪ ಇನ್ನೊಂದು ಸುತ್ತು ಹೆಚ್ಚಾಗುತ್ತೆ.

ಇದರ ಹಿಂದೆ ಒಂದು ಸರಳ ಲೆಕ್ಕವೂ ಇದೆ. ಅಮೆರಿಕದ ಮನೋವಿಜ್ಞಾನಿ ಬಿ.ಎಫ್. ಸ್ಕಿನ್ನರ್ ಪಾರಿವಾಳಗಳ ಮೇಲೆ ಪ್ರಯೋಗ ಮಾಡಿದ್ದ. ಪ್ರತಿಸಲ ಕುಕ್ಕಿದಾಗಲೂ ಕಾಳು ಸಿಗ್ತಿದ್ದ ಪಾರಿವಾಳ, ಕಾಳು ನಿಂತಾಗ ಬೇಗ ಸುಮ್ಮನಾಯ್ತು. ಯಾವಾಗಲೋ ಒಮ್ಮೆ ಕಾಳು ಸಿಗ್ತಿದ್ದ ಪಾರಿವಾಳ ಮಾತ್ರ ಕುಕ್ತಾನೇ ಇತ್ತು. ನಮ್ಮ ಮನೆಗಳಲ್ಲಿ ಆಗೋದೂ ಇದೇ. ಮೊಬೈಲ್ ಕೊಡಲ್ಲ ಅಂತ ಅಪ್ಪ ಹೇಳ್ತಾನೆ, ಹತ್ತು ನಿಮಿಷ ರಚ್ಚೆ ಹಿಡಿದರೆ ಅಮ್ಮ ಅಡುಗೆಮನೆಯಲ್ಲಿ ಗುಟ್ಟಾಗಿ ಕೊಡ್ತಾಳೆ. ಮೂರು ಸಲ ಇಲ್ಲ, ನಾಲ್ಕನೇ ಸಲ ಹೌದು. ಹಠ ಗಟ್ಟಿಯಾಗೋದಕ್ಕೆ ಇದಕ್ಕಿಂತ ಒಳ್ಳೆ ಟ್ರೈನಿಂಗ್ ಇಲ್ಲ.

ಅದಕ್ಕೇ ಹಿರಿಯರು "ಮಕ್ಕಳ ಮುಂದೆ ಅಪ್ಪ ಅಮ್ಮ ಒಂದೇ ಮಾತಾಡಬೇಕು" ಅಂತಾರೆ. ಅರ್ಧ ಸರಿ. ಆದರೆ ಇಬ್ಬರೂ ಒಂದಾಗಿ ಬೆಲ್ಟ್ ಬಿಚ್ಚಿದರೆ ಅದು ಒಗ್ಗಟ್ಟೇ? ಒಬ್ಬರ ಕೈ ಮೇಲೆದ್ದಾಗ ಇನ್ನೊಬ್ಬರು ಆ ಕ್ಷಣದಲ್ಲೇ ತಡೀಬೇಕು, ಮಗುವಿನ ಮುಂದೆಯೇ. ಮಿಕ್ಕ ಭಿನ್ನಾಭಿಪ್ರಾಯಗಳೆಲ್ಲ ರಾತ್ರಿ ಮಗು ಮಲಗಿದ ಮೇಲೆ.

"ನಾವು ಹೊಡೆಸಿಕೊಂಡೇ ಬೆಳೆದಿಲ್ವಾ? ದಂಡಂ ದಶಗುಣಂ" ಅನ್ನೋರಿಗೆ ಒಂದು ಮಾತು. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಶಾಲೆಯಲ್ಲಿ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಮೇಷ್ಟ್ರು ಹೊಡೆದರೆ ಶಾಲೆಗೆ ನುಗ್ಗಿ ಗಲಾಟೆ ಮಾಡೋ ನಾವೇ ಮನೆಯಲ್ಲಿ ಅದನ್ನೇ 'ಬುದ್ಧಿ ಕಲಿಸೋದು' ಅಂತೀವಿ. ಸ್ವೀಡನ್ 1979ರಲ್ಲೇ ಮನೆಯೊಳಗಿನ ಹೊಡೆತವನ್ನೂ ಕಾನೂನಿನಿಂದ ನಿಷೇಧಿಸಿತು. ನಮ್ಮಲ್ಲಿ ಅಂಥ ಕಾನೂನು ಇಲ್ಲ, ಹಾಗಂತ ನೋವು ಕಮ್ಮಿ ಆಗುತ್ತಾ?

"ತಾನೇ ಸರಿಹೋಗ್ತಾನೆ" ಅನ್ನೋರಿಗೂ ಒಂದು ಮಾತು. ಕಿವಿ ಸರಿಯಾಗಿ ಕೇಳಿಸದ ಮಗು 'ಮಾತು ಕೇಳಲ್ಲ' ಅನ್ನಿಸಿಕೊಳ್ಳುತ್ತೆ. ಅಕ್ಷರ ಕೂಡಿಸಿ ಓದಲಾಗದ ಮಗು 'ಸೋಮಾರಿ' ಆಗುತ್ತೆ. 2007ರ 'ತಾರೇ ಜಮೀನ್ ಪರ್' ನೋಡಿ ಕಣ್ಣೊರೆಸಿಕೊಂಡವರೇ ತಮ್ಮ ಮಗನಿಗೆ "ಹಾಸ್ಟೆಲ್‌ಗೆ ಹಾಕಿಬಿಡ್ತೀನಿ" ಅಂತಾರೆ! ಎಡಿಎಚ್‌ಡಿ ಇರೋ ಮಗುವಿಗೆ ಒಂದು ಕಡೆ ಕೂರು ಅಂದರೆ ಕೂರೋದು ನಿಜಕ್ಕೂ ಕಷ್ಟ. ಇದ್ದಕ್ಕಿದ್ದ ಹಾಗೆ ಶಾಲೆಗೆ ಹೋಗಲ್ಲ ಅಂತ ಕೂರೋ ಮಗುವಿಗೆ ಅಲ್ಲಿ ಯಾರೋ ಹಿಂಸೆ ಕೊಡ್ತಿರಬಹುದು, ಮೈ ಮುಟ್ಟುತ್ತಿರಬಹುದು. ಇವೆಲ್ಲ ವಯಸ್ಸಾದಂತೆ ಸರಿಹೋಗೋ ವಿಷಯಗಳಾ? ಕಲಿಕೆಯ ತೊಂದರೆಯನ್ನು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯೇ ಗುರುತಿಸಿದೆ. ನಮ್ಮ ಮನೆಗಳು ಇನ್ನೂ ಗುರುತಿಸಿಲ್ಲ.

ಡಾಕ್ಟರ ಹತ್ತಿರ ಹೋಗೋಣ ಅಂದರೆ ಗಂಡ ಹೆಂಡತಿ ಇದ್ದಕ್ಕಿದ್ದ ಹಾಗೆ ಒಂದಾಗಿಬಿಡ್ತಾರೆ. "ನಮ್ಮ ಮಗನಿಗೆ ಹುಚ್ಚಾ?" ನಿಮ್ಹಾನ್ಸ್ ಅಂದರೆ ಇವರಿಗೆ ಇನ್ನೂ ಹಳೇ ಹುಚ್ಚಾಸ್ಪತ್ರೆ. ಅಲ್ಲಿ ಮಕ್ಕಳಿಗಾಗಿಯೇ ಒಂದು ವಿಭಾಗ ಇದೆ. ಅಷ್ಟು ದೂರ ಹೋಗಲಾಗದವರಿಗೆ 2022ರ ಅಕ್ಟೋಬರ್‌ನಲ್ಲಿ ಶುರುವಾದ ಟೆಲಿ ಮನಸ್ ಇದೆ, 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಹೋದರೂ ಎಷ್ಟೋ ಸಲ ಅಮ್ಮ ಒಬ್ಬಳೇ ಹೋಗ್ತಾಳೆ, ಅಪ್ಪನಿಗೆ ಮೀಟಿಂಗ್. ಆಮೇಲೆ ಡಾಕ್ಟರು ಹೇಳಿದ್ದನ್ನು ಅವಳು ಬಂದು ಹೇಳಿದರೆ "ಅವರಿಗೇನು ಗೊತ್ತು" ಅಂತ ಅದೇ ಅಪ್ಪನ ತೀರ್ಪು!

ಹಾಗಾದ್ರೆ ಏನ್ಮಾಡ್ಬೇಕು ಅಂತೀರಾ? ಎರಡು ವಾರ ಒಂದು ನೋಟ್‌ಬುಕ್ ಇಡಿ. ಏನಾಯ್ತು, ಎಷ್ಟೊತ್ತಿಗೆ, ಅದಕ್ಕೆ ಮುಂಚೆ ಏನು ನಡೀತು, ಆಮೇಲೆ ನಾವೇನು ಮಾಡಿದೆವು, ಇಬ್ಬರೂ ಬರೀಲಿ. ಯಾರ ತಪ್ಪು ಅಂತ ಬರೆಯೋ ಹಾಗಿಲ್ಲ. ಹತ್ತು ನಿಯಮ ಬೇಡ, ಎರಡು ಸಾಕು, ಅವೆರಡನ್ನು ಇಬ್ಬರೂ, ಅಜ್ಜಿಯೂ, ಪಾಲಿಸಲಿ. ಆಮೇಲೂ ಗೊತ್ತಾಗದಿದ್ದರೆ ಅದೇ ನೋಟ್‌ಬುಕ್ ಹಿಡ್ಕೊಂಡು ಡಾಕ್ಟರ ಹತ್ತಿರ ಇಬ್ಬರೂ ಹೋಗಿ. ಇಬ್ಬರೂ.

"ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ" ಅಂತ ಗಾದೆ ಹೇಳೋರು ತುಂಬಾ ಜನ. ಗಿಡ ಯಾಕೆ ಬಾಡ್ತಾ ಇದೆ ಅಂತ ಬುಡದ ಮಣ್ಣು ಮುಟ್ಟಿ ನೋಡೋರು ಎಷ್ಟು ಜನ?

ನಿಮ್ಮ ಮನೆಯಲ್ಲಿ ಹೇಗೆ? ಜಗಳ ಮಗುವಿಗೋಸ್ಕರವಾ, ಗೆಲ್ಲೋದಕ್ಕಾ? ಪ್ರಾಮಾಣಿಕವಾಗಿ ಹೇಳಿ..