ಗಾಯದ ಲೆಕ್ಕ, ವಿಮೆಯ ಕಂತು

ಅಮೆರಿಕದ ಕಾರ್ಖಾನೆಗಳಿಗೆ ಭಾರವೆನಿಸುವ ವಿಮೆಗಳಲ್ಲಿ ಕಾರ್ಮಿಕರ ಪರಿಹಾರ ವಿಮೆಯೂ ಒಂದು. ಟೆಕ್ಸಾಸ್ ಹೊರತು ಬಹುತೇಕ ಎಲ್ಲ ರಾಜ್ಯಗಳಲ್ಲಿ ಅದು ಕಡ್ಡಾಯ. ನಮ್ಮ ಇಎಸ್‌ಐಗೆ ಮಾಲೀಕರು ಸಂಬಳದ ಶೇ 3.25ರಷ್ಟು ಕಟ್ಟುತ್ತಾರೆ, ಅಪಾಯ ಎಷ್ಟೇ ಇರಲಿ, ದರ ಒಂದೇ. ಇಲ್ಲಿ ಹಾಗಲ್ಲ. ಪ್ರತಿ 100 ಡಾಲರ್ ಸಂಬಳಕ್ಕೆ ಕೆಲಸದ ಅಪಾಯವನ್ನು ನೋಡಿ ದರ ಕಟ್ಟುತ್ತಾರೆ: ಗುಮಾಸ್ತನಿಗೆ ಅಲ್ಪ, ಪ್ರೆಸ್ ಯಂತ್ರದ ಮುಂದೆ ನಿಲ್ಲುವವನಿಗೆ ಹಲವು ಪಟ್ಟು. ಅದರ ಮೇಲೆ ಸಾಮಾನ್ಯವಾಗಿ ಮೂರು ವರ್ಷಗಳ ಅಪಘಾತ ದಾಖಲೆಯ ಗುಣಕ. ಸರಾಸರಿ 1.0, ಅದು 1.25 ಆದರೆ ಕಂತು ಕಾಲು ಭಾಗ ಏರುತ್ತದೆ.

ಈ ಲೆಕ್ಕ ಸುರಕ್ಷತೆಗೆ ಪ್ರೇರಣೆಯೆಂಬುದು ನಿಜ. ಆದರೆ ವೈದ್ಯನಾದ ನನಗೆ ಅದರ ಇನ್ನೊಂದು ಮುಖವೂ ಕಾಣುತ್ತದೆ. ಬರೀ ಚಿಕಿತ್ಸೆಯಲ್ಲಿ ಮುಗಿದ ಪ್ರಕರಣದ ವೆಚ್ಚದಲ್ಲಿ ಶೇ 30ರಷ್ಟನ್ನು ಮಾತ್ರ ಹಲವು ರಾಜ್ಯಗಳು ಗುಣಕಕ್ಕೆ ಸೇರಿಸುತ್ತವೆ. ಸಂಬಳ ನಷ್ಟದ ಪರಿಹಾರವೂ ಸೇರಿದರೆ ಆ ರಿಯಾಯಿತಿ ಇಲ್ಲ. ಗಾಯಾಳುವಿಗೆ ರಜೆಯ ಬದಲು ಹಗುರ ಕೆಲಸ ಬರೆದುಕೊಡಬೇಕೆಂಬ ಒತ್ತಾಯದ ಮೂಲ ಇಲ್ಲಿದೆ. ಹಗುರ ಕೆಲಸ ಹಲವರಿಗೆ ಹಿತಕರವೇ. ಆದರೆ ಅದನ್ನು ನಿರ್ಧರಿಸಬೇಕಾದದ್ದು ಗಾಯ, ಕಂತಲ್ಲ.

ಇಲ್ಲಿಯ ಕಾರ್ಖಾನೆಗಳಿಗೆ ಬರಲಿರುವವರು ನೆನಪಿಡಬೇಕಾದದ್ದು ಇಷ್ಟು: ಪೆಟ್ಟು ಬಿದ್ದರೆ ಅಂದೇ ಲಿಖಿತವಾಗಿ ತಿಳಿಸಿ, ಅದು ಕೆಲಸದಲ್ಲೇ ಆದದ್ದೆಂದು ವೈದ್ಯರಿಗೂ ಹೇಳಿ. ಮುಚ್ಚಿಟ್ಟ ಗಾಯದಿಂದ ಕಂಪನಿಗೆ ಕಂತು ಉಳಿಯಬಹುದು, ನಿಮಗೆ ಪರಿಹಾರದ ಹಕ್ಕು ಉಳಿಯದು.