ಎಳೆಯರಿಗೆ ಶಂಕುವಿನ ಪಾಠ

ಕರಿಹಲಗೆಯ ಮೇಲೆ ಶಂಕುವಿನ ಚಿತ್ರವನ್ನು ಬರೆದು "ಇದೇನಮ್ಮಾ?" ಎಂದು ಆರೇಳು ವರ್ಷದ ಹುಡುಗಿಯನ್ನು ಕೇಳಿದರೆ, ಆಕೆಯು "ತ್ರಿಕೋನ" ಎಂದು ಹೇಳುವುದು ಸಹಜವೇ. ಅದಕ್ಕಾಗಿ ಆಕೆಯನ್ನು ಗದರಿಸುವುದು ನ್ಯಾಯವಲ್ಲ. ಹಲಗೆಯು ಚಪ್ಪಟೆ, ಅದರ ಮೇಲೆ ಬರೆದುದೂ ಚಪ್ಪಟೆಯೇ. ಘನಾಕೃತಿಯ ಪಾಠವು ಕೈಯಲ್ಲಿ ಆರಂಭವಾಗಿ ಮಾತಿನಲ್ಲಿ ಮುಗಿಯಬೇಕೆಂಬುದು ನಮ್ಮ ಅಭಿಪ್ರಾಯ.

ಶಂಕುವೆಂಬ ಹೆಸರೂ ಎಳೆಯರಿಗೆ ಸುಲಭವಲ್ಲ. ಅದಕ್ಕೆ ಗೂಟವೆಂಬ ಅರ್ಥವುಂಟು. ಶಂಕುಸ್ಥಾಪನೆ ಎಂಬಲ್ಲಿರುವುದೂ ಅದೇ ಪದ. ಮಗುವಾದರೋ ಅದನ್ನು ಶಂಖವೆಂದು ಕೇಳಿಸಿಕೊಂಡೀತು. ಆದಕಾರಣ ಹೆಸರನ್ನು ಸ್ವಲ್ಪ ಹೊತ್ತು ಬದಿಗಿಟ್ಟು, ಕಡಲೆಕಾಯಿಯ ಪೊಟ್ಟಣವನ್ನು ಮಗುವಿನ ಕೈಗೆ ಕೊಡೋಣ. ನೆಲದ ಮೇಲೆ ಸುರಿದ ರಾಗಿಯ ರಾಶಿಯನ್ನು ಸುತ್ತಿ ಬರುವಂತೆ ಹೇಳೋಣ. ಬುಡವು ದುಂಡಗಿದೆ, ತುದಿಯು ಮೊನಚಾಗಿದೆ, ಯಾವ ಕಡೆಯಿಂದ ನೋಡಿದರೂ ಒಂದೇ ರೂಪ ಎಂಬ ಮೂರು ಸಂಗತಿಗಳನ್ನು ಮಗುವೇ ಹೇಳುವುದು.

ಬಳಿಕ ವೃತ್ತಾಕಾರದ ಕಾಗದವನ್ನು ಸರಿಯಾಗಿ ಅರ್ಧಕ್ಕೆ ಕತ್ತರಿಸಿ, ಒಂದು ಅರ್ಧದ ನೇರವಾದ ಅಂಚಿನ ಎರಡು ಭಾಗಗಳು ಒಂದಕ್ಕೊಂದು ಕೂಡುವಂತೆ ಸುತ್ತಿಸೋಣ. ಹೀಗಾದ ಶಂಕುವಿನ ಓರೆಯ ಉದ್ದವೂ ಬಾಯಿಯ ಅಗಲವೂ ಸಮನಾಗಿರುವುವು; ಮಗುವು ದಾರದಿಂದ ಅಳೆದು ನೋಡಲಿ. ಅದೇ ಬಾಯಗಲವೂ ಅದೇ ನೆಟ್ಟನೆಯ ಎತ್ತರವೂ ಉಳ್ಳ ಕೊಳವೆಯೊಂದನ್ನು ಮಾಡಿ, ಶಂಕುವಿನಿಂದ ರಾಗಿಯನ್ನು ಅಳೆದು ಸುರಿದರೆ ಮೂರನೆಯ ಸಲಕ್ಕೆ ಕೊಳವೆ ತುಂಬುವುದು.

ಇದು ಆಟವೇ ಹೊರತು ರೇಖಾಗಣಿತವಲ್ಲವೆಂದು ಕೆಲವರು ಆಕ್ಷೇಪಿಸಬಹುದು. ಅಂಥವರು ಯೂಕ್ಲಿಡನ 11ನೆಯ ಪುಸ್ತಕವನ್ನು ತೆರೆದು ನೋಡಲಿ. ಲಂಬಕೋನ ತ್ರಿಭುಜದಲ್ಲಿ ಲಂಬಕೋನದ ಪಕ್ಕದ ಒಂದು ಭುಜವನ್ನು ಅಲುಗದಂತೆ ನಿಲ್ಲಿಸಿ, ತ್ರಿಭುಜವನ್ನು ಒಂದು ಸುತ್ತು ತಿರುಗಿಸಿದಾಗ ಉಂಟಾಗುವ ಆಕೃತಿಯೇ ಶಂಕುವೆಂದು ಆತನು ಹೇಳಿದ್ದಾನೆ. ಆ ವ್ಯಾಖ್ಯೆಯೇ ಒಂದು ಕ್ರಿಯೆ! ದಪ್ಪ ಕಾಗದದ ತ್ರಿಭುಜವನ್ನು ಕಡ್ಡಿಗೆ ಅಂಟಿಸಿ ಅಂಗೈಗಳ ನಡುವೆ ಹೊಸೆದರೆ, ಹಲಗೆಯ ಮೇಲಿನ ಆ ತ್ರಿಕೋನವು ಕಣ್ಣೆದುರಿಗೇ ಶಂಕುವಾಗಿ ಮೈತುಂಬಿಕೊಳ್ಳುವುದು. ಮಗುವಿನ ಮೊದಲ ಉತ್ತರದಲ್ಲಿಯೂ ಸತ್ಯಾಂಶವಿದ್ದಿತೆಂದು ಆಗ ನಾವು ಒಪ್ಪಲೇಬೇಕು.

ಪಂಡಿತರ ಚರಿತ್ರೆಯೂ ಇದೇ ಕ್ರಮವನ್ನು ತೋರಿಸುತ್ತದೆ. ಶಂಕುವು ಕೊಳವೆಯ ಮೂರನೆಯ ಒಂದು ಪಾಲೆಂಬುದನ್ನು ಉಪಪತ್ತಿಯಿಲ್ಲದೆ ಮೊದಲು ಹೇಳಿದವನು ಡೆಮಾಕ್ರಿಟಸನೆಂದೂ, ಬಳಿಕ ಸಾಧಿಸಿದವನು ಯೂಡಾಕ್ಸಸನೆಂದೂ ಆರ್ಕಿಮಿಡೀಸನು ಬರೆದಿದ್ದಾನೆ. ಕಂಡವನಿಗೂ ಸಾಧಿಸಿದವನಿಗೂ ಆತನು ಗೌರವವನ್ನು ಹಂಚಿಕೊಟ್ಟನು. ಎಳೆಯರಿಗೆ ಮೊದಲು ಕಾಣುವ ಅವಕಾಶವಿರಲಿ. ಸಾಧಿಸುವ ಕಾಲವು ಮೇಲಿನ ತರಗತಿಗಳಲ್ಲಿ ಬಂದೇ ಬರುವುದು.

ಗಣಿತವು ಹೆಣ್ಣುಮಕ್ಕಳಿಗೆ ಒಗ್ಗದೆಂಬ ಮಾತು ಇಂದಿಗೂ ಅಲ್ಲಲ್ಲಿ ಕೇಳಿಬರುತ್ತದೆ. ತಿಳಿಯದ ವ್ಯಾಖ್ಯೆಯನ್ನು ಬಾಯಿಪಾಠ ಮಾಡಿದ ದಿನವೇ ಆ ಅಂಜಿಕೆಯು ಬೇರೂರುವುದೆಂದು ನಾವು ನಂಬುತ್ತೇವೆ. ಈ ಶಾಲೆಯ ವಿದ್ಯಾರ್ಥಿನಿಯರೇ, ನಿಮ್ಮ ಮನೆಯಲ್ಲಿ ತಂಗಿಯೋ ತಮ್ಮನೋ ಇರುವರಷ್ಟೆ. ಈ ರಜೆಯಲ್ಲಿ ಒಂದು ಕಾಗದವನ್ನೂ ಒಂದು ಹಿಡಿ ರಾಗಿಯನ್ನೂ ಅವರ ಮುಂದಿಡಿರಿ. ಹೆಸರನ್ನು ಕೊನೆಯಲ್ಲಿ ಹೇಳಿರಿ.