ಶರೀಫಜ್ಜನ ಮಾಳಿಗೆ ಮತ್ತು ಮೈಸೂರಿನ ಗಿಟಾರು



"ಶರೀಫಜ್ಜನ ತತ್ತ್ವಪದಗಳನ್ನು ಈಗಿನ ಹುಡುಗರು ಗಿಟಾರು, ಡ್ರಮ್ಮುಗಳಿಗೆ ಕಟ್ಟಿ ಕೆಡಿಸಿದರು" ಎಂಬ ಮಾತನ್ನು ನಮ್ಮ ಹಾವೇರಿ ಜಿಲ್ಲೆಯ ಹಿರಿಯರ ಬಾಯಲ್ಲಿ ಮೇಲಿಂದ ಮೇಲೆ ಕೇಳುತ್ತೇನೆ. ಹೀಗೆ ಹೇಳುವವರಲ್ಲಿ ನನ್ನ ಓರಗೆಯ ನಿವೃತ್ತ ಶಿಕ್ಷಕರೂ ಇದ್ದಾರೆ, ಜೀವಮಾನವೆಲ್ಲ ಭಜನಾ ಮೇಳದಲ್ಲಿ ತಾಳ ಹಿಡಿದವರೂ ಇದ್ದಾರೆ. ಅವರ ಪ್ರೀತಿಯ ಬಗ್ಗೆ ನನಗೆ ಗೌರವವಿದೆ. ಆದರೆ ಅವರ ತೀರ್ಪನ್ನು ನಾನು ಒಪ್ಪಲಾರೆ. ಏಕೆ ಒಪ್ಪಲಾರೆ ಎಂಬುದನ್ನು ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ಈ ಆಕ್ಷೇಪಣೆಗೆ ಮುಖ್ಯ ಕಾರಣವಾದದ್ದು ರಘು ದೀಕ್ಷಿತ್ ಅವರು 2008ರಲ್ಲಿ ತಮ್ಮದೇ ಹೆಸರಿನಿಂದ ಹೊರತಂದ ಮೊದಲ ಆಲ್ಬಮ್. ಅವರ ಹಿನ್ನೆಲೆಯನ್ನು ಅರಿಯದವರಿಗಾಗಿ ನಾಲ್ಕು ಮಾತು. 1974ರಲ್ಲಿ ನಾಸಿಕದಲ್ಲಿ ಹುಟ್ಟಿ ಮೈಸೂರಿನಲ್ಲಿ ಬೆಳೆದ ಇವರು ಸೂಕ್ಷ್ಮಜೀವಿಶಾಸ್ತ್ರದಲ್ಲಿ ಚಿನ್ನದ ಪದಕದೊಡನೆ ಸ್ನಾತಕೋತ್ತರ ಪದವಿ ಪಡೆದವರು; ಭರತನಾಟ್ಯವನ್ನು ಕ್ರಮವಾಗಿ ಅಭ್ಯಾಸ ಮಾಡಿದವರು. ಕಾಲೇಜಿನಲ್ಲಿ ಸಹಪಾಠಿಯೊಬ್ಬ ಹಾಕಿದ ಸವಾಲಿನಿಂದ ಗಿಟಾರು ಕಲಿತೆನೆಂದು ಅವರೇ ಹೇಳಿಕೊಂಡಿದ್ದಾರೆ. ಕೆಲಕಾಲ ಬೆಲ್ಜಿಯಂ ದೇಶದಲ್ಲಿ ನೌಕರಿ ಮಾಡಿ, ಅದನ್ನು ಬಿಟ್ಟು ಬಂದು ಸಂಗೀತಕ್ಕೆ ನಿಂತರು. ಮೊದಲು 'ಅಂತರಾಗ್ನಿ' ಎಂಬ ತಂಡವನ್ನು ಕಟ್ಟಿದ್ದರು. ಆ ತಂಡ ಚದುರಿದ ಮೇಲೆ ಸ್ವಂತ ಹೆಸರಿನಲ್ಲಿಯೇ ಮುಂದುವರಿದು, ಬಂದ ವಾದಕರನ್ನು ಕೂಡಿಸಿಕೊಂಡು ಹಾಡತೊಡಗಿದರು.

ಆಲ್ಬಮ್ ಸುಲಭವಾಗಿ ಹೊರಬರಲಿಲ್ಲ. ಕಂಪನಿಗಳ ಬಾಗಿಲನ್ನು ವರ್ಷಗಟ್ಟಲೆ ತಟ್ಟಿದರೂ ಅವು ತೆರೆಯಲಿಲ್ಲ. ವ್ಯಾಪಾರದ ಕಣ್ಣಿನಿಂದ ನೋಡಿದರೆ ಅದರಲ್ಲಿ ಆಶ್ಚರ್ಯವೂ ಇಲ್ಲ. ಹಿಂದಿ, ಇಂಗ್ಲಿಷ್, ಕನ್ನಡ ಮೂರೂ ಒಂದೇ ತಟ್ಟೆಯಲ್ಲಿ ಬಡಿಸಿದಂತಿದ್ದ ಈ ಸಂಗೀತವನ್ನು ಯಾವ ಕಪಾಟಿನಲ್ಲಿ ಇಡಬೇಕೆಂದು ಅಂಗಡಿಯವನಿಗೆ ತಿಳಿಯುವುದು ಹೇಗೆ? ಕೊನೆಗೆ ಹಿಂದಿ ಚಿತ್ರರಂಗದ ಸಂಗೀತ ನಿರ್ದೇಶಕರಾದ ವಿಶಾಲ್ ಮತ್ತು ಶೇಖರ್ ಜೋಡಿ ಇವರ ಹಾಡನ್ನು ಮುಂಬಯಿಯಲ್ಲಿ ಕೇಳಿ ಮೆಚ್ಚಿ, ತಮ್ಮ 'ಕೌಂಟರ್ ಕಲ್ಚರ್ ರೆಕಾರ್ಡ್ಸ್' ಸಂಸ್ಥೆಯಿಂದ ಆಲ್ಬಮ್ಮನ್ನು ಹೊರತಂದರು. ಅದರಲ್ಲಿನ ಎರಡು ಹಾಡುಗಳು ನಮ್ಮ ಶಿಗ್ಗಾಂವಿ ತಾಲೂಕಿನ ಶಿಶುವಿನಹಾಳದ ಶರೀಫಸಾಹೇಬರವು: 'ಗುಡುಗುಡಿಯ ಸೇದಿ ನೋಡೋ' ಮತ್ತು 'ಸೋರುತಿಹುದು ಮನಿಯ ಮಾಳಿಗಿ'.

2010ರಲ್ಲಿ ಇಂಗ್ಲೆಂಡಿನ ಬಿ.ಬಿ.ಸಿ. ದೂರದರ್ಶನದ ಹೆಸರಾಂತ ಸಂಗೀತ ಕಾರ್ಯಕ್ರಮವೊಂದರಲ್ಲಿ, ಜೂಲ್ಸ್ ಹಾಲೆಂಡ್ ಅವರು ನಡೆಸುವುದರಲ್ಲಿ, ರಘು ಅವರು ಹಾಡಿದರು. ಆ ಬಳಿಕ ಎರಡು ವರ್ಷ ಹಳೆಯದಾದ ಈ ಆಲ್ಬಮ್ ಆ ದೇಶದ ಐಟ್ಯೂನ್ಸ್ ಪಟ್ಟಿಯ ವಿಶ್ವಸಂಗೀತ ವಿಭಾಗದಲ್ಲಿ ಮೊದಲ ಸ್ಥಾನಕ್ಕೇರಿತು. 2011ರಲ್ಲಿ 'ಸಾಂಗ್‌ಲೈನ್ಸ್' ಪತ್ರಿಕೆಯ ಹೊಸ ಕಲಾವಿದರ ಪ್ರಶಸ್ತಿ ಬಂದಿತು. 1889ರಲ್ಲಿ ತೀರಿಕೊಂಡ, ಕಡುಬಡತನದಲ್ಲಿ ಬಾಳಿದ ಶಿಶುವಿನಹಾಳದ ಅಜ್ಜನ ಪದಗಳು ಹೀಗೆ ಕನ್ನಡದ ಒಂದಕ್ಷರವೂ ತಿಳಿಯದವರ ಮನೆಯನ್ನು ಹೊಕ್ಕವು.

ಈಗ ಆಕ್ಷೇಪಣೆಗೆ ಬರೋಣ. "ಇವು ಭಜನೆಯ ಪದಗಳು, ಏಕತಾರಿ, ದಮ್ಮಡಿ, ತಾಳ, ಪೇಟಿಗಳೊಡನೆ ಹಾಡಬೇಕಾದವು. ವಿದೇಶೀ ವಾದ್ಯಗಳಿಗೆ ಇಲ್ಲಿ ಏನು ಕೆಲಸ?" ಎನ್ನುತ್ತಾರೆ. ಸರಿ, ಆ ಪೇಟಿಯನ್ನೇ ತೆಗೆದುಕೊಳ್ಳಿ. ನಾವು ಪೇಟಿ ಎನ್ನುವ ಹಾರ್ಮೋನಿಯಂ 19ನೆಯ ಶತಮಾನದಲ್ಲಿ ಫ್ರಾನ್ಸ್ ದೇಶದಲ್ಲಿ ರೂಪುಗೊಂಡು ನಮ್ಮಲ್ಲಿಗೆ ಬಂದ ವಾದ್ಯ. ಅದು ಪರದೇಶದ್ದು, ನಮ್ಮ ರಾಗಗಳಿಗೆ ಹೊಂದದು ಎಂದು 1940ರಲ್ಲಿ ಆಲ್ ಇಂಡಿಯಾ ರೇಡಿಯೊ ಅದನ್ನು ಹೊರಗಿಟ್ಟಿತು; ಮೂರು ದಶಕ ಆ ನಿಷೇಧ ನಡೆಯಿತು. ಇಂದು ಪೇಟಿಯಿಲ್ಲದ ಭಜನೆಯನ್ನು ನಮ್ಮ ಹಳ್ಳಿಯವರು ಭಜನೆ ಎಂದೇ ಒಪ್ಪಲಾರರು! ಅಂದು ಪರಕೀಯವಾಗಿದ್ದುದು ಇಂದು ಮನೆಯ ಮಗನಾಗಿದೆ.

ನಮ್ಮ ಹಾನಗಲ್ಲ ತಾಲೂಕನ್ನೇ ನೋಡಿರಿ. ಕಾಡಶೆಟ್ಟಿಹಳ್ಳಿಯಲ್ಲಿ ಹುಟ್ಟಿದ ಪಂಚಾಕ್ಷರಿ ಗವಾಯಿಗಳು, ದೇವಗಿರಿಯಲ್ಲಿ ಹುಟ್ಟಿದ ಪುಟ್ಟರಾಜ ಗವಾಯಿಗಳು, ಇಬ್ಬರೂ ಕಣ್ಣಿಲ್ಲದ ಮಹಾತ್ಮರು. ಹಿಂದುಸ್ತಾನಿ, ಕರ್ನಾಟಕ ಎರಡೂ ಪದ್ಧತಿಗಳನ್ನು ತಮ್ಮವಾಗಿಸಿಕೊಂಡರು. ಪುಟ್ಟರಾಜರು ಪೇಟಿಯನ್ನೂ ಪಿಟೀಲನ್ನೂ ನಮ್ಮ ದೇಶದ ವಾದ್ಯಗಳಷ್ಟೇ ಸಲೀಸಾಗಿ ನುಡಿಸುತ್ತಿದ್ದರು. ವಾದ್ಯದ ಕುಲಗೋತ್ರವನ್ನು ಅವರು ವಿಚಾರಿಸಲಿಲ್ಲ. ಸ್ವರ ಶುದ್ಧವಾಗಿದೆಯೇ ಎಂದಷ್ಟೇ ವಿಚಾರಿಸಿದರು.

ಇನ್ನು ಶರೀಫಜ್ಜನ ಮನೋಧರ್ಮವೇನು? ತನ್ನ ಕಾಲದಲ್ಲಿ ಕಣ್ಣಿಗೆ ಬಿದ್ದ ಯಾವ ವಸ್ತುವನ್ನೂ ಆತ ದೂರವಿಡಲಿಲ್ಲ. ಗಿರಣಿ ಎಂಬುದು ಈ ಸೀಮೆಗೆ ಹೊಸತಾಗಿದ್ದ ಕಾಲದಲ್ಲಿ ಅದರ ವಿಸ್ತಾರವನ್ನು ನೋಡೆಂದು ಪದ ಕಟ್ಟಿ, ಯಂತ್ರದಲ್ಲಿಯೇ ತತ್ತ್ವವನ್ನು ತೋರಿಸಿದ. ಸೇದುವ ಗುಡುಗುಡಿ, ಸೋರುವ ಮಾಳಿಗೆ ಎಲ್ಲವೂ ಆತನ ಕೈಯಲ್ಲಿ ಪಾಠದ ಸಾಮಗ್ರಿಗಳು. ಮುಲ್ಕಿ ಪರೀಕ್ಷೆ ಪಾಸಾಗಿ ಕೆಲಕಾಲ ಕನ್ನಡ ಸಾಲೆಯ ಮಾಸ್ತರನಾಗಿದ್ದವನಲ್ಲವೇ! ಎದುರಿಗಿದ್ದ ವಸ್ತುವಿನಿಂದ ಪಾಠ ಆರಂಭಿಸಬೇಕೆಂಬುದು ಆತನಿಗೆ ಯಾವ ತರಬೇತಿಯೂ ಇಲ್ಲದೆ ತಿಳಿದಿತ್ತು. ಹುಟ್ಟಿನಿಂದ ಮುಸಲ್ಮಾನ, ಗುರು ಕಳಸದ ಬ್ರಾಹ್ಮಣ ಗೋವಿಂದಭಟ್ಟರು. ಗದ್ದುಗೆಗೆ ಇಂದಿಗೂ ಎರಡೂ ಮತದವರು ನಡೆದುಕೊಳ್ಳುತ್ತಾರೆ. ಇಂಥವನ ಪದಕ್ಕೆ ಗಿಟಾರಿನಿಂದ ಮೈಲಿಗೆಯಾಯಿತೆಂದರೆ ಮೊದಲು ನಗುವವನು ಆ ಅಜ್ಜನೇ.

"ಹಾಗಾದರೆ ಮೂಲ ಧಾಟಿ ಎಂಬುದಕ್ಕೆ ಬೆಲೆಯೇ ಇಲ್ಲವೇ?" ಎಂದು ಕೇಳಬಹುದು. ಶರೀಫರು ತಮ್ಮ ಪದಗಳಿಗೆ ಸ್ವರಪ್ರಸ್ತಾರ ಬರೆದಿಟ್ಟು ಹೋಗಲಿಲ್ಲ. ಅವು ಬಾಯಿಂದ ಬಾಯಿಗೆ ಬಂದವು. ನಾನು ಸೇವೆ ಸಲ್ಲಿಸಿದ ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲೂಕುಗಳಲ್ಲಿಯೇ ಒಂದೇ ಪದವನ್ನು ಬೇರೆ ಬೇರೆ ಧಾಟಿಯಲ್ಲಿ ಹಾಡುವುದನ್ನು ಕೇಳಿದ್ದೇನೆ. ಅನಂತರ ಸಿ. ಅಶ್ವತ್ಥ್ ಅವರು ಬಂದರು. ಅವರ ರಾಗಸಂಯೋಜನೆ ಧ್ವನಿಸುರುಳಿಗಳಲ್ಲಿ ಮನೆಮನೆ ತಲುಪಿತು. 1990ರಲ್ಲಿ ನಾಗಾಭರಣರ 'ಸಂತ ಶಿಶುನಾಳ ಶರೀಫ' ಚಲನಚಿತ್ರ ಬಂದು, ರಾಷ್ಟ್ರೀಯ ಭಾವೈಕ್ಯಕ್ಕಾಗಿ ಆಗ ಕೊಡುತ್ತಿದ್ದ ನರ್ಗಿಸ್ ದತ್ ಪ್ರಶಸ್ತಿಯನ್ನು ಪಡೆಯಿತು. ಅಶ್ವತ್ಥರ ಹಾಡಿಕೆಯೂ ನಮ್ಮ ಹಳ್ಳಿಯ ಹಾಡಿಕೆ ಆಗಿರಲಿಲ್ಲ. ಆಗಲೂ "ಇದು ಭಜನೆಯಲ್ಲ, ಕಚೇರಿ" ಎಂದು ಗೊಣಗಿದ ಹಿರಿಯರನ್ನು ನಾನು ಬಲ್ಲೆ. ಇಂದು ಗಿಟಾರನ್ನು ಹಳಿಯುವವರು ಅನೇಕರು ಅದೇ ಅಶ್ವತ್ಥರ ಧಾಟಿಯನ್ನು ಮೂಲ ಧಾಟಿ ಎಂದು ಎತ್ತಿ ಹಿಡಿಯುತ್ತಾರೆ!

ರಘು ದೀಕ್ಷಿತರ ಹಾಡಿಕೆಯಲ್ಲಿ ನನಗೆ ವಿಶೇಷವಾಗಿ ಹಿಡಿಸಿದ್ದು ಒಂದು ಸಣ್ಣ ಸಂಗತಿ. ಮೈಸೂರು ಸೀಮೆಯಲ್ಲಿ ಬೆಳೆದವರು 'ಮನೆಯ ಮಾಳಿಗೆ' ಎಂದು ತಿದ್ದಿಕೊಂಡು ಹಾಡಬಹುದಿತ್ತು. ಅವರು ತಿದ್ದಲಿಲ್ಲ, ನಮ್ಮ ಕಡೆಯಂತೆ 'ಮನಿಯ ಮಾಳಿಗಿ' ಎಂದೇ ಹಾಡಿದರು. ಹಿಂದಿಯ ಮಾರುಕಟ್ಟೆಗಾಗಿ ಪದವನ್ನು ಅನುವಾದಿಸಲಿಲ್ಲ. ಲುಂಗಿ ಉಟ್ಟು, ಕಾಲಿಗೆ ಗೆಜ್ಜೆ ಕಟ್ಟಿ ಪರದೇಶದ ವೇದಿಕೆಯ ಮೇಲೆ ನಿಲ್ಲುವವರಿಗೆ ನಮ್ಮ ನುಡಿಯ ಬಗ್ಗೆ ನಾಚಿಕೆಯಿಲ್ಲವೆಂಬುದು ಸ್ಪಷ್ಟ. ನಮ್ಮಲ್ಲಿ ಪಟ್ಟಣ ಸೇರಿದ ಮಾರನೆಯ ವರ್ಷವೇ 'ಮನಿ'ಯನ್ನು 'ಮನೆ' ಮಾಡಿಕೊಳ್ಳುವವರು ಇದನ್ನು ಗಮನಿಸಬೇಕು.

ಇಷ್ಟು ಹೇಳಿದ ಮೇಲೆ, ಹಿರಿಯರ ಅಸಮಾಧಾನದಲ್ಲಿ ಹುರುಳಿಲ್ಲವೆಂದು ಯಾರೂ ಭಾವಿಸಬಾರದು. ಏನೋ ಕಳೆದುಹೋಗುತ್ತಿದೆ ಎಂದು ಅವರಿಗೆ ಅನಿಸುತ್ತಿರುವುದು ನಿಜ. ಆದರೆ ಕಳೆಯುತ್ತಿರುವ ವಸ್ತು ಬೇರೆ, ಅವರು ಬೈಯುತ್ತಿರುವ ವಸ್ತು ಬೇರೆ.

ಬೆಂಗಳೂರಿನಲ್ಲಿ ಬೆಳೆದ ನನ್ನ ಮೊಮ್ಮಗಳಿಗೆ ಗುಡುಗುಡಿಯ ಹಾಡು ಬಾಯಿಪಾಠವಾಗಿದೆ. ಒಂದು ಸಂಜೆ ಹಾಡುತ್ತ ಹಾಡುತ್ತ ನಿಂತು, "ಅಜ್ಜಾ, ಸಂಚಿ ಅಂದ್ರೆ ಏನು?" ಎಂದು ಕೇಳಿದಳು. ನನ್ನ ತಾಯಿಯ ಎಲೆಅಡಿಕೆಯ ಬಟ್ಟೆಯ ಸಂಚಿಯನ್ನು ಪೆಟ್ಟಿಗೆಯಿಂದ ತೆಗೆದು ತೋರಿಸಿದೆ. ಬಾಯಿಯನ್ನು ದಾರದಿಂದ ಬಿಗಿಯುವ, ಒಳಗೆ ಮೂರು ನಾಲ್ಕು ಅರೆಗಳಿರುವ ಚೀಲ. ಮನಸ್ಸೇ ಅಂಥ ಸಂಚಿ, ಮೋಹವೇ ಕೊಚ್ಚಿ ಹಾಕುವ ಸೊಪ್ಪು, ಗುಡುಗುಡಿಯ ಬುರುಡೆಯೇ ಶರೀರ. ಸುಟ್ಟು ಹೋಗಬೇಕಾದದ್ದು ನಮ್ಮೊಳಗಿನ ಕಸವೇ ಹೊರತು ತಂಬಾಕಲ್ಲ ಎಂದು ಬಿಡಿಸಿ ಹೇಳಿದಾಗ ಅವಳ ಮುಖದಲ್ಲಿ ಮೂಡಿದ ಬೆಳಕನ್ನು ಶಿಕ್ಷಕರಾದವರು ಮಾತ್ರ ಅರಿಯಬಲ್ಲರು. ಅದುವರೆಗೆ ಅವಳಿಗೆ ಅದು ಹುಕ್ಕಾ ಸೇದುವ ಮೋಜಿನ ಹಾಡಾಗಿತ್ತು.

ಮಾಳಿಗೆಯ ಪದದ್ದೂ ಇದೇ ಕಥೆ. ಮೈಸೂರು, ಬೆಂಗಳೂರಿನ ಕಡೆ ಮಾಳಿಗೆ ಎಂದರೆ ಮಹಡಿ ಎಂದು ತಿಳಿಯುವವರೇ ಹೆಚ್ಚು. ಶಿಗ್ಗಾಂವಿ, ಸವಣೂರಿನ ಬಯಲು ಹಳ್ಳಿಗಳಲ್ಲಿ ಮಾಳಿಗೆ ಎಂದರೆ ಕಟ್ಟಿಗೆಯ ತೊಲೆಗಳ ಮೇಲೆ ಮಣ್ಣು ಹಾಸಿ ಬಡಿದ ಸಪಾಟಾದ ಮೇಲ್ಛಾವಣಿ. ಮಳೆಗಾಲಕ್ಕೆ ಮುಂಚೆ ಮೇಲೆ ಹತ್ತಿ ಬಿರುಕು ಮುಚ್ಚಿ, ಹೊಸ ಮಣ್ಣು ಹಾಕಿ, ತುಳಿದು ಗಟ್ಟಿಮಾಡದಿದ್ದರೆ ಮೊದಲ ಮಳೆಗೇ ಮನೆಯೊಳಗೆ ನೀರು. ಆ ಕೆಲಸವನ್ನು ವರ್ಷ ವರ್ಷವೂ ಮಾಡಬೇಕು, ಮನೆಯವರೇ ಮಾಡಬೇಕು. ಈ ಅನುಭವವಿದ್ದವನಿಗೆ, ಅಜ್ಞಾನದಿಂದ ಸೋರುವ ಮಾಳಿಗೆಯೆಂದರೆ ಮನಸ್ಸಿನ ಆರೈಕೆಯನ್ನು ಮುಂದೂಡಿದವನ ಗತಿ ಎಂದು ಹೇಳಿಕೊಡಬೇಕಾಗಿಲ್ಲ. ಈಗ ನಮ್ಮ ಹಳ್ಳಿಗಳಲ್ಲಿಯೂ ಸಿಮೆಂಟಿನ ಛಾವಣಿಗಳು ಬಂದಿವೆ. ಬಂದದ್ದು ಒಳ್ಳೆಯದೇ. ಆದರೆ ಅದರೊಡನೆ ಪದದ ಅರ್ಥದ ಒಂದು ಬಾಗಿಲು ಮುಚ್ಚಿತು.

ಭಜನೆಯಲ್ಲಿ ಈ ಬಾಗಿಲನ್ನು ತೆರೆಯುವವರಿದ್ದರು. ಒಂದು ನುಡಿ ಮುಗಿದೊಡನೆ ಪೇಟಿ ನಿಲ್ಲಿಸಿ, "ಇಲ್ಲಿ ಅಜ್ಜ ಏನಂತಾನಂದ್ರ..." ಎಂದು ಹಿರಿಯರೊಬ್ಬರು ಅರ್ಥ ಬಿಡಿಸುತ್ತಿದ್ದರು. ಬೆಳಗಿನವರೆಗೆ ಹತ್ತು ಪದಗಳಾದರೂ ಅವಸರವಿರಲಿಲ್ಲ. ಕೆಲವೇ ನಿಮಿಷಗಳಲ್ಲಿ ಮುಗಿಯಬೇಕಾದ ಆಲ್ಬಮ್ಮಿನ ಹಾಡಿನಲ್ಲಿ ಅದಕ್ಕೆ ಎಡೆಯಿಲ್ಲ; ಗಾಯಕನಿಂದ ಅದನ್ನು ನಿರೀಕ್ಷಿಸುವುದೂ ನ್ಯಾಯವಲ್ಲ. ಆತ ಪದವನ್ನು ಕಿವಿಗೆ ಮುಟ್ಟಿಸಿದ. ಕಿವಿಯಿಂದ ಮನಸ್ಸಿಗೆ ಮುಟ್ಟಿಸುವ ಕೆಲಸ ನಮ್ಮದು, ಅಂದರೆ ತಂದೆತಾಯಿಗಳದು, ಅಜ್ಜ ಅಜ್ಜಿಯರದು, ಶಿಕ್ಷಕರದು. ಗಿಟಾರನ್ನು ಬೈಯುವುದರಲ್ಲಿ ಒಂದು ಅನುಕೂಲವಿದೆ: ನಾವು ಬಿಟ್ಟ ಕೆಲಸದ ಲೆಕ್ಕವನ್ನು ಯಾರೂ ಕೇಳುವುದಿಲ್ಲ.

ಹಿರೇಕೆರೂರು ಸೀಮೆಯ ಹಳ್ಳಿಯೊಂದಕ್ಕೆ ಕೆಲವು ವರ್ಷಗಳ ಹಿಂದೆ ಹೋಗಿದ್ದೆ. ಸರ್ವಜ್ಞನ ವಚನಗಳು ಗಾದೆಗಳಂತೆ ಓಡಾಡುವ ನಾಡು ಅದು. ಗುಡಿಯ ಮೂಲೆಯಲ್ಲಿ ಪೇಟಿಯ ಮೇಲೆ ಧೂಳು ಕುಳಿತಿತ್ತು. ವಿಚಾರಿಸಿದರೆ, ನುಡಿಸುವವರು ತೀರಿಕೊಂಡರು, ಕಲಿಯುವವರು ಊರು ಬಿಟ್ಟರು ಎಂದರು. ಆ ಪೇಟಿಯನ್ನು ಮೂಲೆಗೆ ತಳ್ಳಿದ್ದು ಯಾವ ರಾಕ್ ಸಂಗೀತಗಾರನೂ ಅಲ್ಲ. ಆ ಊರಿನ ತರುಣನೊಬ್ಬ ಶರೀಫರ ಪದವನ್ನು ಮೊಬೈಲಿನಲ್ಲಿ ಕೇಳುತ್ತಿದ್ದ. ರಘು ದೀಕ್ಷಿತರ ದನಿಯಲ್ಲಿಯೇ! ಅದು ಇರದಿದ್ದರೆ ಅವನು ಭಜನೆಗೆ ಬರುತ್ತಿದ್ದನೇ? ಇಲ್ಲ, ಶರೀಫಜ್ಜನ ಹೆಸರನ್ನೇ ಕೇಳುತ್ತಿರಲಿಲ್ಲ.

ಆದುದರಿಂದ, ನಿಮ್ಮಲ್ಲಿ ಬೆಂಗಳೂರು, ಪುಣೆ, ಅಮೆರಿಕಗಳಲ್ಲಿ ನೆಲೆಸಿದವರಿಗೆ ನನ್ನದೊಂದು ಕೋರಿಕೆ. ಆ ಹಾಡುಗಳನ್ನು ಮಕ್ಕಳಿಗೆ ಧಾರಾಳವಾಗಿ ಕೇಳಿಸಿರಿ, ಅವರು ಕುಣಿದರೆ ಕುಣಿಯಲಿ. ಹಾಡು ಮುಗಿದ ಮೇಲೆ ಒಂದೇ ಒಂದು ಶಬ್ದದ ಅರ್ಥವನ್ನು ಹೇಳಿರಿ: ಇಂದು ಸಂಚಿ, ನಾಳೆ ಮಾಳಿಗೆ. ಗೊತ್ತಿಲ್ಲದಿದ್ದರೆ ನನ್ನನ್ನು ಕೇಳಿರಿ. ಕೇಳುವ ವಿದ್ಯಾರ್ಥಿಗೆ ಉತ್ತರ ಹೇಳುವುದರಿಂದ ನನಗಿನ್ನೂ ನಿವೃತ್ತಿಯಾಗಿಲ್ಲ. ಶ್ರಾವಣದಲ್ಲಿ ಊರಿಗೆ ಬಂದಾಗ ಒಂದು ರಾತ್ರಿ ಭಜನೆ ನಡೆಯುವ ಗುಡಿಗೆ ಹೋಗಿರಿ. ಅಲ್ಲಿ ತಾಳ ಹಿಡಿಯುವವನು ಒಬ್ಬನಾದರೂ ಕಡಿಮೆ ಇದ್ದೇ ಇರುತ್ತಾನೆ. ಆ ಸ್ಥಳದಲ್ಲಿ ಕೂಡಿರಿ.